ನಾಲ್ಕು ಬೆರಳು ದೂರ

ನಾನು ಒಂದು ಕಬ್ಬಿಣದ ಚೌಕಟ್ಟು. ಬಾಗಿಲಿನದಲ್ಲ, ಕಿಟಕಿಯದಲ್ಲ, ಮಂಚದ್ದಂತೂ ಮೊದಲೇ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂಬದಿಯಲ್ಲಿ, ಮೌಲಾಸಾಬ ಎಂಬ ವೆಲ್ಡರನ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದ ದಿನ, ಅಲ್ಲಿಗೆ ಬಂದವರೆಲ್ಲ ನನ್ನನ್ನು ಒಂದು ಸುತ್ತು ಹಾಕಿ ನೋಡಿ ಇದೇನಪ್ಪ ಎಂದು ಕೇಳಿದರು. ಒಬ್ಬ ಗೇಟು ಎಂದ. ಇನ್ನೊಬ್ಬ, ಎಮ್ಮೆಗೆ ಲಾಳ ಹೊಡೆಯುವಾಗ ನಿಲ್ಲಿಸುವ ಕಟ್ಟು ಎಂದ. ಮಾಡಿದ ಮೌಲಾಸಾಬನಿಗೇ ಸರಿಯಾಗಿ ಗೊತ್ತಿರಲಿಲ್ಲ. ಅಣ್ಣಿಗೇರಿ ಸರ್ ಕೊಟ್ಟ ಚಿತ್ರದಂತೆ ಕತ್ತರಿಸಿ, ಬಾಗಿಸಿ, ಬೆಸೆದು ಮುಗಿಸಿದ ಮೇಲೆ, ಇದರಲ್ಲಿ ಏನನ್ನು ಇಡುತ್ತೀರಿ ಎಂದು ಕೇಳಿದ. ಇಬ್ಬರು ಮನುಷ್ಯರನ್ನು ಎಂದರು ಸರ್. ಅವನು ಮತ್ತೇನೂ ಕೇಳದೆ ನನಗೆ ಕಪ್ಪು ಬಣ್ಣ ಬಳಿದ.

ಅಣ್ಣಿಗೇರಿ ಸರ್ ಕಾಲೇಜೊಂದರಲ್ಲಿ ಆಟ ಕಲಿಸಿ ನಿವೃತ್ತರಾದವರು. ಹುಡುಗರಾಗಿದ್ದಾಗ ಫೆನ್ಸಿಂಗ್, ಅಂದರೆ ಕತ್ತಿವರಸೆ ಆಡಿದ್ದರಂತೆ. ಗಾಲಿಕುರ್ಚಿಯಲ್ಲಿ ಕೂತು ಆಡುವ ಫೆನ್ಸಿಂಗ್ ಒಂದಿದೆ ಎಂದು ಅವರಿಗೆ ಎಲ್ಲಿಂದಲೋ ಗೊತ್ತಾಗಿ, ಅದರ ಹುಚ್ಚು ಹಿಡಿಯಿತು. ಆ ಹುಚ್ಚಿನ ಫಲ ನಾನು.

ನನ್ನ ಮೈ ಎಂದರೆ ಇಷ್ಟೇ. ಎರಡು ತುದಿಗೆ ಎರಡು ಹಲಗೆ. ಒಂದೊಂದರ ಮೇಲೆ ಒಂದೊಂದು ಗಾಲಿಕುರ್ಚಿ ಹತ್ತಿಸಿ, ಗಾಲಿಗಳನ್ನು ಹಿಡಿಕೆಗಳಿಂದ ಬಿಗಿದರೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ನಡುವೆ, ಒಂದರೊಳಗೊಂದು ಜಾರುವ ಎರಡು ಕೊಳವೆ. ಹಿಗ್ಗಿಸಿದರೆ ಕುರ್ಚಿಗಳು ದೂರವಾಗುತ್ತವೆ, ಕುಗ್ಗಿಸಿದರೆ ಹತ್ತಿರವಾಗುತ್ತವೆ. ಬೇಕಾದಲ್ಲಿ ಒಂದು ಗೂಟ ತೂರಿಸಿ ನಿಲ್ಲಿಸಬೇಕು. ಕುರ್ಚಿಗಳು ಮುಖಕ್ಕೆ ಮುಖ ಕೊಟ್ಟು ಕೂರುವುದಿಲ್ಲ, ಸ್ವಲ್ಪ ಓರೆಯಾಗಿ ಕೂರುತ್ತವೆ. ಕತ್ತಿ ಹಿಡಿದ ತೋಳುಗಳು ಮಾತ್ರ ಎದುರುಬದುರು.

ನಿಂತು ಆಡುವವರು ಹೆದರಿದರೆ ನಾಲ್ಕು ಹೆಜ್ಜೆ ಹಿಂದೆ ಓಡಬಹುದು. ನನ್ನಲ್ಲಿ ಕೂತವರಿಗೆ ಆ ದಾರಿಯೇ ಇಲ್ಲ. ಬೆನ್ನನ್ನು ಹಿಂದಕ್ಕೆ ಎಳೆದುಕೊಳ್ಳಬಹುದು, ಪಕ್ಕಕ್ಕೆ ವಾಲಬಹುದು, ಅಷ್ಟೇ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈ ಕುರ್ಚಿಯ ಪಕ್ಕದ ಪಟ್ಟಿಯ ಮೇಲೆ. ಆ ಪಟ್ಟಿಯನ್ನು ಹಿಡಿದು ತಮ್ಮನ್ನು ತಾವೇ ಮುಂದಕ್ಕೆ ಎಸೆದುಕೊಳ್ಳಬೇಕು, ಮತ್ತೆ ಅದನ್ನೇ ಹಿಡಿದು ಹಿಂದಕ್ಕೆ ಬರಬೇಕು. ಆಸನದಿಂದ ಮೇಲೇಳುವಂತಿಲ್ಲ. ಅವರು ಆಡುತ್ತಿದ್ದ ಎಪೇ ಎಂಬ ಕತ್ತಿಗೆ ಹರಿತವಿಲ್ಲ, ತುದಿಯಲ್ಲಿ ಒಂದು ಗುಂಡಿ ಇದೆ. ಎದುರಾಳಿಯ ಸೊಂಟದಿಂದ ಮೇಲೆ ಎಲ್ಲಿಯೇ ಆಗಲಿ ಅದು ಒತ್ತಿದರೆ ದೀಪ ಹತ್ತಿ ಅಂಕ ಬರುತ್ತದೆ. ಕಾಲಿಗೆ ತಗುಲಿದ್ದು ಲೆಕ್ಕಕ್ಕಿಲ್ಲ, ಅದಕ್ಕೆಂದೇ ಇಬ್ಬರ ಮಡಿಲ ಮೇಲೂ ಲೋಹದ ಎಳೆಯ ಹೊದಿಕೆ ಹಾಸಿರುತ್ತಾರೆ. ಕಾಲಿನ ಗೊಡವೆಯೇ ಇಲ್ಲದ ಆಟ ಇದೊಂದೇ ಇರಬೇಕು ಎಂದು ನನಗೆ ಅನ್ನಿಸಿದ್ದುಂಟು.

ಹಳೆಯ ಹತ್ತಿ ಗೋದಾಮೊಂದರ ಅರ್ಧವನ್ನು ಸರ್ ಯಾರನ್ನೋ ಕಾಡಿ ಬೇಡಿ ಪಡೆದಿದ್ದರು. ಅಲ್ಲಿಗೆ ಮೊದಲು ಬಂದವಳು ಇಂದುಮತಿ ಪತ್ತಾರ. ಕೂಸಾಗಿದ್ದಾಗಲೇ ಪೋಲಿಯೋ ಅವಳ ಎರಡೂ ಕಾಲುಗಳ ಶಕ್ತಿ ಕಸಿದುಕೊಂಡಿತ್ತು. ಅಣ್ಣನ ಬೆಳ್ಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕಾಲ್ಗೆಜ್ಜೆಗೆ ಗುಂಡು ಪೋಣಿಸುತ್ತಿದ್ದಳು. ಗಿಡ್ಡ ತೋಳು, ಗಟ್ಟಿ ಭುಜ, ಮಾತು ಕಮ್ಮಿ. ಎದುರಿಗೆ ಕೂರಲು ಯಾರೂ ಇಲ್ಲದ್ದರಿಂದ ಸರ್ ತಾವೇ ಒಂದು ಕುರ್ಚಿ ಹತ್ತಿ ಕೂರುತ್ತಿದ್ದರು. ಅವರಿಗೆ ಮಂಡಿ ನೋವು. ಇಳಿಯುವಾಗಲೆಲ್ಲ ನನ್ನ ಮೇಲೆ ಭಾರ ಬಿಟ್ಟು ಶಿವಶಿವಾ ಎನ್ನುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಜುಲೇಖಾ ನದಾಫ್ ಬಂದಳು. ಲಾರಿಯೊಂದು ಅವಳ ಎಡಗಾಲನ್ನು ತೊಡೆಯವರೆಗೆ ತಿಂದುಹಾಕಿತ್ತು. ಹಳೇ ಹುಬ್ಬಳ್ಳಿಯಲ್ಲಿ ಮೊಬೈಲ್ ರೀಚಾರ್ಜಿನ ಸಣ್ಣ ಅಂಗಡಿ ಇಟ್ಟಿದ್ದಳು. ಉದ್ದ ಮೈಕಟ್ಟು, ಉದ್ದ ತೋಳು, ಬಾಯಿಗೆ ಬಿಡುವೇ ಇಲ್ಲ. ಬಂದ ದಿನವೇ ಇಂದುಮತಿಯನ್ನು ಇಂದೂ ಎಂದು ಕರೆದಳು. ಇಬ್ಬರಿಗೂ ಸೊಂಟದ ಮೇಲಿನ ಬಲ ಚೆನ್ನಾಗಿದ್ದುದರಿಂದ ಇಬ್ಬರೂ ಒಂದೇ ವಿಭಾಗದವರಾದರು. ನನ್ನ ಎರಡು ತುದಿಗೂ ಸರಿಯಾದ ಭಾರ ಬಿತ್ತು. ಆ ಸಂಜೆ ನಾನು ಮೊದಲ ಸಲ ನೆಲಕ್ಕೆ ಸಮನಾಗಿ ಊರಿ ನಿಂತೆ, ಖುಷಿಯೂ ಆಯಿತು.

ಈ ಆಟದಲ್ಲಿ ಕತ್ತಿ ಎತ್ತುವ ಮೊದಲು ಅಳತೆ ಹಾಕುವ ಒಂದು ಪದ್ಧತಿ ಇದೆ. ಒಬ್ಬಳು ತೋಳನ್ನು ಮಡಚಿ ಮೊಣಕೈ ಒಡ್ಡಬೇಕು. ಇನ್ನೊಬ್ಬಳು ನೆಟ್ಟಗೆ ಕೂತು ತೋಳು ಚಾಚಬೇಕು. ಚಾಚಿದವಳ ಕತ್ತಿಯ ತುದಿ ಮಡಚಿದವಳ ಮೊಣಕೈಗೆ ಮುಟ್ಟುವಷ್ಟು ದೂರಕ್ಕೆ ನನ್ನನ್ನು ನಿಲ್ಲಿಸಬೇಕು. ಆಗ ಅದು ಚಾಚಿದವಳ ಅಳತೆ. ಉದ್ದ ತೋಳಿನವಳ ಅಳತೆಗೆ ನಿಲ್ಲಿಸಿದರೆ ಗಿಡ್ಡ ತೋಳಿನವಳಿಗೆ ಕಷ್ಟ. ಅದಕ್ಕೇ ಆರಿಸುವ ಹಕ್ಕು ಯಾವಾಗಲೂ ಗಿಡ್ಡ ತೋಳಿನವಳದು. ನನ್ನ ಅಳತೆಗೆ ನಿಲ್ಲಿಸಿ ಎನ್ನಬಹುದು, ಅವಳದಕ್ಕೇ ಇರಲಿ ಎಂದೂ ಅನ್ನಬಹುದು. ಇಂದುಮತಿ ತನ್ನ ಅಳತೆಯನ್ನೇ ಕೇಳುತ್ತಿದ್ದಳು. ಸರ್ ದಿನಾ ಅಳೆದು ಗೂಟ ಹಾಕುತ್ತಿದ್ದರು.

ಆದರೆ ಜುಲೇಖಾಳ ಎಳೆತಕ್ಕೆ ಗೂಟದ ತೂತು ಸವೆಯತೊಡಗಿತು. ಆಟದ ನಡುವೆ ಗೂಟ ಜಾರಿ ಕುರ್ಚಿಗಳು ಇಷ್ಟಿಷ್ಟೇ ದೂರ ಸರಿಯುತ್ತಿದ್ದವು. ಪ್ರತಿ ಸಲ ನಿಲ್ಲಿಸಿ, ಅಳೆದು, ಮತ್ತೆ ಶುರು ಮಾಡುವುದು ಇಂದುಮತಿಗೆ ಬೇಸರವಾಯಿತು. ಸರ್ ಊರಲ್ಲಿಲ್ಲದ ಒಂದು ದಿನ ಅವಳೇ ಮೌಲಾಸಾಬನನ್ನು ಕರೆಸಿದಳು. ಹೊಸ ತೂತು ಕೊರೆಯುತ್ತೇನೆ ಎಂದ ಅವನು. ಅದೂ ಸವೆಯುತ್ತದೆ ಎಂದಳು ಇವಳು.

"ಬೆಸದ ಬಿಡ್ರಿ ಕಾಕಾ. ನಾವಿಬ್ಬರ ಅಲ್ಲೇನ್ರಿ? ಮತ್ಯಾರ ಬರ್ತಾರ ಇಲ್ಲಿ?"

ಜುಲೇಖಾ ನಕ್ಕಳು. ಸರಿ, ಎಷ್ಟು ದೂರಕ್ಕೆ ಬೆಸೆಯಲಿ ಎಂದು ಮೌಲಾಸಾಬ ಕೇಳಿದ. ಅಲ್ಲಿಯವರೆಗೆ ಅಳೆಯುವುದು ಸರ್ ಕೆಲಸವಾಗಿತ್ತು, ಇವರಿಬ್ಬರು ಅವರು ಹೇಳಿದಂತೆ ಕೈ ಚಾಚಿ, ಕೈ ಮಡಚಿ ಮಾಡಿದ್ದರೇ ಹೊರತು ಯಾವುದು ಏಕೆ ಎಂದು ತಲೆ ಕೆಡಿಸಿಕೊಂಡಿರಲಿಲ್ಲ. ಗಿಡ್ಡ ತೋಳಿನವಳನ್ನು ಕಾಯುವ ನಿಯಮವಲ್ಲವೇ, ಆದ್ದರಿಂದ ಗಿಡ್ಡ ತೋಳಿನವಳೇ ಮೊಣಕೈ ಒಡ್ಡಬೇಕು ಎಂದುಕೊಂಡಳು ಇಂದುಮತಿ. ಅವಳು ತೋಳು ಮಡಚಿದಳು. ಜುಲೇಖಾ ಚಾಚಿದಳು. ಕತ್ತಿಯ ತುದಿ ಮೊಣಕೈಗೆ ಮುಟ್ಟಿತು. ಸರಿ ಐತಿ ಎಂದರು ಇಬ್ಬರೂ, ಮೌಲಾಸಾಬ ಬೆಂಕಿ ಹಚ್ಚಿದ.

ಆದದ್ದು ಉಲ್ಟಾ. ಇಂದುಮತಿಯ ಅಳತೆಗಿಂತ ಪೂರಾ ನಾಲ್ಕು ಬೆರಳು ದೂರಕ್ಕೆ ನನ್ನನ್ನು ಬೆಸೆದುಬಿಟ್ಟಿದ್ದರು. ಅದು ಜುಲೇಖಾಳ ಅಳತೆ. ಗೂಟ ಜಾರಿ ಜಾರಿ ದೂರದ ಆಟ ಮೊದಲೇ ರೂಢಿಯಾಗಿದ್ದರಿಂದ ಇಂದುಮತಿಗೆ ಗೊತ್ತಾಗಲಿಲ್ಲ. ಮರುದಿನ ಬಂದ ಸರ್ ಗಟ್ಟಿಯಾಗಿ ಕೂತ ಬೆಸುಗೆಯನ್ನು ಬೂಟಿನಿಂದ ಒದ್ದು ನೋಡಿ ಭೇಷ್ ಎಂದರು. ಮುಂದೆ ಯಾರೂ ಅಳೆಯಲಿಲ್ಲ. ಬೆಸೆದ ಮೇಲೆ ಅಳೆಯುವುದೇನಿದೆ? ಗೊತ್ತಿದ್ದವನು ನಾನೊಬ್ಬನೇ. ಕಬ್ಬಿಣವನ್ನು ಯಾರು ಕೇಳುತ್ತಾರೆ?

ಆಮೇಲಿನ ಮೂರು ವರ್ಷ ನನ್ನ ಬಾಳಿನ ಒಳ್ಳೆಯ ಕಾಲ. ಜುಲೇಖಾ ತನ್ನ ಮೂರು ಗಾಲಿಯ ಸ್ಕೂಟರಿನ ಹಿಂದೆ ಇಂದುಮತಿಯನ್ನು ಕೂರಿಸಿಕೊಂಡು ಬರುತ್ತಿದ್ದಳು. ಇಬ್ಬರೂ ಬಿಳಿ ಜಾಕೀಟು ತೊಟ್ಟು, ಜಾಲರಿಯ ಮಾಸ್ಕು ಇಳಿಸಿಕೊಂಡರೆ ಯಾರು ಯಾರೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಅವರ ಒಂದೊಂದು ಎಳೆತವೂ ಕುರ್ಚಿಯಿಂದ ಗಾಲಿಗೆ, ಗಾಲಿಯಿಂದ ನನ್ನ ಮೈಗೆ ಇಳಿಯುತ್ತಿತ್ತು. ಜುಲೇಖಾ ಆರಾಮಾಗಿ ತೋಳು ನೀಡಿ ಚುಚ್ಚಿ ಹಿಂದೆ ಸರಿಯುವಳು. ಇಂದುಮತಿ ಪ್ರತಿ ಅಂಕಕ್ಕೂ ಪಟ್ಟಿ ಹಿಡಿದು ಇಡೀ ಮೈಯನ್ನು ಆಚೆಗೆ ಎಸೆಯಬೇಕಿತ್ತು. ಎಡ ಮುಂಗೈ ಊದಿಕೊಳ್ಳುತ್ತಿತ್ತು. ತನ್ನ ತೋಳು ಗಿಡ್ಡ, ಅದಕ್ಕೇ ಹೀಗೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆ ನಾಲ್ಕು ಬೆರಳಿನ ದೂರವನ್ನು ದಾಟಿ ದಾಟಿ ಅವಳು ಕೊನೆಗೆ ಜುಲೇಖಾಳಿಗೆ ಸರಿಸಮನಾದಳು. ಒಂದು ಸಂಜೆ ಇವಳು, ಒಂದು ಸಂಜೆ ಅವಳು. ಆಟ ಮುಗಿದು ಮಾಸ್ಕು ತೆಗೆದ ಮೇಲೂ ಇಳಿಯದೆ, ನನ್ನಲ್ಲೇ ಬಿಗಿಸಿಕೊಂಡು ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದರು. ಇಂದುಮತಿ ನಕ್ಕದ್ದನ್ನು ನಾನು ಕೇಳಿದ್ದು ಅಂಥ ಹೊತ್ತಿನಲ್ಲಿ ಮಾತ್ರ.

ಆಮೇಲೆ ಬೆಂಗಳೂರಿನಿಂದ ಕರೆ ಬಂತು. ರಾಜ್ಯದ ತಂಡದಲ್ಲಿ ಅವರ ವಿಭಾಗಕ್ಕೆ ಒಂದೇ ಜಾಗ. ಆಯ್ಕೆಯಾದವಳು ವರ್ಷವಿಡೀ ದೂರದ ತರಬೇತಿ ಕೇಂದ್ರದಲ್ಲಿದ್ದು ದೇಶದ ಬೇರೆ ಬೇರೆ ಕಡೆ ಆಡಬಹುದು. ಆ ಜಾಗಕ್ಕೆ ಬಂದವರು ಇವರಿಬ್ಬರೇ, ಇಬ್ಬರ ನಡುವೆ ಹದಿನೈದು ಅಂಕದ ಒಂದೇ ಪಂದ್ಯ. ಇಂದುಮತಿಗೆ ಆ ಜಾಗ ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ಅಣ್ಣನ ಅಂಗಡಿಯ ಹಿಂದಿನ ಕೋಣೆ ಬಿಟ್ಟು ಹೊರಗೆ ಹೋಗಲು ಅವಳಿಗೆ ಬೇರೆ ಬಾಗಿಲು ಇರಲಿಲ್ಲ.

ನಾನು ಹೋಗಲಿಲ್ಲ. ಅಲ್ಲಿ ಬೇರೆ ಚೌಕಟ್ಟುಗಳಿವೆ, ಹೊಳೆಯುವಂಥವು, ಹೊರದೇಶದಿಂದ ಬಂದವು. ನಡೆದದ್ದನ್ನು ಆಮೇಲೆ ಸರ್ ಬಾಯಿಂದ ಕೇಳಿದೆ. ರೆಫ್ರಿ ಇಂದುಮತಿಯನ್ನು ಕೇಳಿದರಂತೆ, ನಿಮ್ಮ ಅಳತೆಯೋ ಅವರದೋ ಎಂದು. ನನ್ನದು ಎಂದಳಂತೆ, ಎದೆ ಎತ್ತಿ. ಅವರು ಅಳೆದು ಕುರ್ಚಿಗಳನ್ನು ನಿಲ್ಲಿಸಿದರು. ಅಷ್ಟೇ, ಅವಳ ಆಟವೆಲ್ಲ ಕೈಕೊಟ್ಟಿತು. ಮೈ ಎಸೆದರೆ ಕತ್ತಿ ಜುಲೇಖಾಳ ಭುಜ ದಾಟಿ ಹಿಂದೆ ಹೋಗುತ್ತಿತ್ತು, ಇಲ್ಲವೇ ಅಡ್ಡಡ್ಡ ಬಾಗಿ ಜಾರುತ್ತಿತ್ತು. ಜುಲೇಖಾ ಮೊಣಕೈ ಸ್ವಲ್ಪ ಮಡಚಿಕೊಂಡು ಕೂತಳು, ಕೆಲಸ ಮುಗಿಯಿತು. ಮೂರು ವರ್ಷ ಇಂದುಮತಿ ಯಾವ ದೂರದಲ್ಲಿ ಆಡಿದ್ದಳೋ ಅದು, ರೆಫ್ರಿಗೆ 'ಅವರದು' ಎಂಬ ಒಂದು ಮಾತು ಹೇಳಿದ್ದರೆ ಸಿಗುತ್ತಿತ್ತು. ಹೆದರಿದಳು ಪಾಪ, ಎಂದರು ಸರ್. ಅವರಿಗೂ ತಿಳಿದಿರಲಿಲ್ಲ.

ಗೆದ್ದ ಜುಲೇಖಾ ಕೇಂದ್ರಕ್ಕೆ ಹೊರಟುಹೋದಳು. ಇಂದುಮತಿ ಆಟೋದಲ್ಲಿ ಬರತೊಡಗಿದಳು. ಒಂದೇ ಕುರ್ಚಿ ಬಿಗಿದರೆ ಅವಳು ಮುನ್ನುಗ್ಗಿ ಹಿಂದೆ ಸರಿದಾಗ ನನ್ನ ಇನ್ನೊಂದು ತುದಿ ನೆಲ ಬಿಟ್ಟು ಏಳುತ್ತಿತ್ತು. ಅದಕ್ಕೆ ಸರ್ ಎದುರಿನ ಕುರ್ಚಿಯಲ್ಲಿ ಮರಳಿನ ಚೀಲ ಇಟ್ಟು, ಅದಕ್ಕೊಂದು ಹರಕು ಜಾಕೀಟು ತೊಡಿಸಿದರು. ಆ ಚೀಲವನ್ನು ಕಂಡರೆ ನನಗಾಗುತ್ತಿರಲಿಲ್ಲ. ಉಸಿರಿಲ್ಲ, ಎಳೆತವಿಲ್ಲ, ಸುಮ್ಮನೆ ಭಾರ. ಇಂದುಮತಿ ಅದರ ಎದೆಗೆ ಚುಚ್ಚುವಳು, ಹಿಂದೆ ಸರಿಯುವಳು, ಮತ್ತೆ ಚುಚ್ಚುವಳು. ಆಟ ಮುಗಿದ ಮೇಲೆ ತಡವಾಗಿ ಇಳಿಯುವ ಅಭ್ಯಾಸ ಮಾತ್ರ ಬಿಡಲಿಲ್ಲ. ಚೀಲದ ಎದುರು ಕೂತಿರುತ್ತಿದ್ದಳು. ಜುಲೇಖಾಳ ಫೋನು ಮೊದಮೊದಲು ದಿನಾ ಬರುತ್ತಿತ್ತು, ಬರುಬರುತ್ತ ಶುಕ್ರವಾರಕ್ಕೊಂದಾಯಿತು. ಗೋದಾಮಿನಲ್ಲಿ ಆಗ ಇದ್ದಷ್ಟು ಒಂಟಿತನವನ್ನು ನಾನು ಈಗಲೂ ಕಂಡಿಲ್ಲ.

ರಂಜಾನ್ ಹಬ್ಬಕ್ಕೆ ಊರಿಗೆ ಬಂದ ಜುಲೇಖಾ ನೇರ ಇಲ್ಲಿಗೇ ಬಂದಳು. ಶೀರ್‌ಕುರ್ಮಾದ ಡಬ್ಬಿ ಇಂದುಮತಿಯ ಕೈಗಿಟ್ಟು, ಚೀಲವನ್ನು ಎತ್ತಿಸಿ ಹಾಕಿ, ತನ್ನ ಕುರ್ಚಿ ಹತ್ತಿಸಿ ಬಿಗಿಸಿಕೊಂಡಳು. ನನಗೆ ಹೋದ ಜೀವ ಬಂದಂತಾಯಿತು. ಕೇಂದ್ರದಲ್ಲಿ ಕೂತೊಡನೆ ಮೊದಲು ಅಳತೆ ಹಾಕಿಸುತ್ತಾರಂತೆ. ಆ ರೂಢಿಯಲ್ಲಿ ಅವಳು ತೋಳು ಮಡಚಿ ಮೊಣಕೈ ಒಡ್ಡಿದಳು. ನೀನು ಯಾಕೆ ಒಡ್ಡುತ್ತೀ, ಗಿಡ್ಡ ತೋಳಿನವಳು ನಾನಲ್ಲವೇ ಎಂದಳು ಇಂದುಮತಿ. ಅಳತೆ ಯಾರದೋ ಅವರು ಚಾಚಬೇಕು ಎಂದಳು ಜುಲೇಖಾ. ಇಂದುಮತಿ ಚಾಚಿದಳು. ಕತ್ತಿಯ ತುದಿ ಮೊಣಕೈಗೆ ನಾಲ್ಕು ಬೆರಳು ಈಚೆಗೇ ನಿಂತಿತು. ಜುಲೇಖಾ ಅವಳ ತೋಳು ಮಡಚಿಸಿ ತಾನು ಚಾಚಿದಳು. ಸರಿಯಾಗಿ ಮುಟ್ಟಿತು.

"ಇದು ನನ್ನ ಅಳತಿ, ಇಂದೂ," ಎಂದಳು. "ನಿಂದಲ್ಲ."

ಬೆಸೆಯುವ ದಿನ ಕೈ ಚಾಚಿದ್ದು ಯಾರು, ಮಡಚಿದ್ದು ಯಾರು ಎಂಬುದು ಇಬ್ಬರಿಗೂ ನೆನಪಾಗಿರಬೇಕು. ಬೆಂಗಳೂರಿನ ಪಂದ್ಯವೂ ನೆನಪಾಗಿರಬೇಕು. ಜುಲೇಖಾಳ ದನಿ ಕುಗ್ಗಿತ್ತು.

"ನಾ ಹೇಳ್ತೀನಿ ಅವರಿಗೆ. ಮತ್ತೊಮ್ಮೆ ಆಡಸ್ರಿ ಅಂತೀನಿ."

"ಅಲ್ಲಿ ಅಳತಿ ಖರೇನ ಇತ್ತು," ಎಂದಳು ಇಂದುಮತಿ. "ತಪ್ಪಿದ್ದು ಇಲ್ಲಿ. ನಿನ್ನ ಜಾಗಾ ನನಗ ದಾನಾ ಬ್ಯಾಡ."

ಅವತ್ತು ಅವರು ಆಡಲೇ ಇಲ್ಲ. ಜುಲೇಖಾ ಹೋಗುವಾಗ ಇಂದುಮತಿಯ ಭುಜ ಮುಟ್ಟಿದಳು, ಇವಳು ತಿರುಗಿ ನೋಡಲಿಲ್ಲ. ಡಬ್ಬಿ ನನ್ನ ಹಲಗೆಯ ಮೇಲೆಯೇ ಉಳಿಯಿತು.

ವಿಷಯ ತಿಳಿದು ಸರ್ ಹಣೆ ಚಚ್ಚಿಕೊಂಡರು. ಮರುದಿನವೇ ಮೌಲಾಸಾಬನನ್ನು ಕರೆಸಿದರು. ಅವನು ಕತ್ತರಿಸುವ ಯಂತ್ರ ಹಿಡಿದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಇಂದುಮತಿ ತಡೆದಳು.

"ಬ್ಯಾಡ್ರಿ ಸರ. ಇದ್ದಂಗ ಇರ್ಲಿ. ಆರಿಸೂ ಹಕ್ಕು ನಂದ ಐತಲ್ರಿ? ಮುಂದಿನ ಸಲ ಕೇಳಿದ್ರ ಆಕಿದು ಅಂತೀನಿ."

ಸರ್ ಅವಳ ಮುಖವನ್ನೇ ನೋಡಿದರು. ಜುಲೇಖಾಳಿಗೆ ಇದನ್ನು ಹೇಳುತ್ತೀಯೇನು ಎಂದು ಕೇಳಿದರು. ಅವಳು ಮಾಸ್ಕು ಇಳಿಸಿಕೊಂಡಳು. ಅಂದಿನಿಂದ ಫೋನು ಎತ್ತುವುದನ್ನೂ ಬಿಟ್ಟಳು. ಶುಕ್ರವಾರ ಸಂಜೆ ಅದು ಅವಳ ಬ್ಯಾಗಿನೊಳಗೆ ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿತ್ತು. ಇವಳು ಮರಳಿನ ಎದೆಗೆ ಚುಚ್ಚುತ್ತಲೇ ಇರುತ್ತಿದ್ದಳು. ಜಾಗ ಬೇಕಿದ್ದರೆ ಗೆಳತಿಯ ಎದುರು ಗುಟ್ಟು ಬೇಕಿತ್ತು. ಗುಟ್ಟು ಕಾಯಬೇಕಿದ್ದರೆ ಮಾತು ಬಿಡಬೇಕಿತ್ತು. ನಾನು ಅವಳನ್ನು ತಪ್ಪೆನ್ನಲಾರೆ. ಆದರೆ ಫೋನು ರಿಂಗಾಗುವಾಗ ಕುರ್ಚಿಯ ಪಟ್ಟಿಯನ್ನು ಅವಳು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು ಎಂಬುದು ನನ್ನ ಮೈಗೆ ಗೊತ್ತು.

ಎರಡನೆಯ ಆಯ್ಕೆ ನಡೆದದ್ದು ಮಳೆಗಾಲಕ್ಕೆ ಮುಂಚೆ. ಸರ್ ಹಿಂದಿರುಗಿ ಬಂದು, ನನ್ನ ಕೊಳವೆಯ ಮೇಲೆ ಕೂತು, ಮೌಲಾಸಾಬನಿಗೆ ಎಲ್ಲವನ್ನೂ ಹೇಳಿದರು. ಇಂದುಮತಿ ಬಂದಿರಲಿಲ್ಲ. ಬರುವ ಪ್ರಶ್ನೆಯೂ ಇರಲಿಲ್ಲ, ಅವಳನ್ನು ಅಲ್ಲಿಂದಲೇ ಕೇಂದ್ರಕ್ಕೆ ಕಳಿಸಿದ್ದರು.

ರೆಫ್ರಿ ಹತ್ತಿರ ಬರುವಾಗಲೇ ಜುಲೇಖಾ ತೋಳು ಮಡಚಿ ಮೊಣಕೈ ಒಡ್ಡಿ ಕೂತಿದ್ದಳಂತೆ. ಇಂದೂನ ಅಳತೆಗೆ ಸಿದ್ಧಳಾಗಿ, ನಗುತ್ತ. ಈ ಸಲ ಗೆಳತಿ ತನ್ನ ನ್ಯಾಯವಾದ ದೂರದಲ್ಲೇ ಪಳಗಿ ಬಂದಿರುತ್ತಾಳೆ, ಇಬ್ಬರೂ ಸರಿಸಮ ಆಡಬಹುದು ಎಂದು ಅವಳು ನಂಬಿದ್ದಳು. ಇಂದುಮತಿಯೂ ತೋಳು ಮಡಚಿದಳು. ಇಬ್ಬರೂ ಮೊಣಕೈ ಒಡ್ಡಿಕೊಂಡು ಕೂತಿದ್ದನ್ನು ಕಂಡು ರೆಫ್ರಿ ತಬ್ಬಿಬ್ಬಾದರು. ಅವರ ಅಳತೆ, ಎಂದಳು ಇಂದುಮತಿ. ಜುಲೇಖಾಳ ನಗು ಹಾಗೇ ನಿಂತಿತಂತೆ. ಆಮೇಲೆ ನಿಧಾನವಾಗಿ ಕೈ ಚಾಚಿದಳು.

ಇಂದುಮತಿ ಹದಿನೈದು, ಜುಲೇಖಾ ಹತ್ತು. ಮುಗಿದ ಮೇಲೆ ಪದ್ಧತಿಯಂತೆ ಇಬ್ಬರೂ ಬರಿಗೈ ಕುಲುಕಿದರು. "ಅಳತಿ ಚಲೋ ಆರಿಸಿದಿ," ಎಂದಳಂತೆ ಜುಲೇಖಾ.

ಮೌಲಾಸಾಬ ಬೀಡಿ ಹಚ್ಚಲು ಹೋದವನು ಹಚ್ಚದೆ ಇಟ್ಟುಕೊಂಡ. ನಾನು ಗೆದ್ದೆನೋ ಸೋತೆನೋ ನನಗೇ ತಿಳಿಯಲಿಲ್ಲ. ನನ್ನ ತಪ್ಪು ಅಳತೆಯೇ ಅವಳನ್ನು ಸೋಲಿಸಿತ್ತು, ಅದೇ ಅವಳನ್ನು ಗೆಲ್ಲಿಸಿತು. ಹೆಮ್ಮೆ ಪಡಬೇಕು ಎಂದುಕೊಂಡೆ, ಆಗಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಸಂಜೆ ಜುಲೇಖಾಳ ಸ್ಕೂಟರಿನ ಸದ್ದು ಕೇಳಿತು. ಹಿಂದಿನ ಸೀಟು ಖಾಲಿ. ತನ್ನ ಕುರ್ಚಿಯನ್ನು ತನ್ನ ಹಳೆಯ ತುದಿಗೇ ಹತ್ತಿಸಿಕೊಂಡಳು, ಮರಳಿನ ಚೀಲವನ್ನು ಇಂದುಮತಿಯ ತುದಿಗೆ ಇಡಿಸಿದಳು. ಸರ್ ಸಮಾಧಾನ ಹೇಳಲು ಹೋದರೆ, ಮೌಲಾಸಾಬನನ್ನು ಕರೆಸಿ ಎಂದಷ್ಟೇ ಹೇಳಿದಳು. ತನ್ನ ಅಳತೆಯಲ್ಲಿ ಆಡುವುದು ಅವಳಿಗೆ ಗೊತ್ತೇ ಇತ್ತು. ಮುಂದಿನ ಸಲವೂ ಆರಿಸುವವಳು ಇಂದುಮತಿ. ಅವಳು ಏನನ್ನು ಆರಿಸಿದರೂ ಸಿದ್ಧಳಿರಬೇಕಲ್ಲ.

ಕತ್ತರಿಸುವ ಯಂತ್ರ ಕಿಡಿ ಹಾರಿಸಿತು. ಇಷ್ಟು ವರ್ಷ ಸುಮ್ಮನಿದ್ದ ನನ್ನ ನಡು ಬಿಟ್ಟುಕೊಂಡಿತು. ಇಂದುಮತಿ ಇಲ್ಲದೆ ಅವಳ ಅಳತೆ ಹೇಗೆ ಎಂದು ಸರ್ ಕೇಳಿದರು. ಜುಲೇಖಾ ಬಗ್ಗಿ, ತನ್ನ ನಾಲ್ಕು ಬೆರಳು ಜೋಡಿಸಿ ನನ್ನ ಕೊಳವೆಯ ಮೇಲೆ ಇಟ್ಟಳು.

"ಇಷ್ಟು ಒಳಗ ತಗೋರಿ ಕಾಕಾ. ಇಂದೂನ ಕೈ ಇಷ್ಟ ಐತಿ."

ಆ ಬೆರಳುಗಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದವು. ಮೌಲಾಸಾಬ ಕಾದ. ಆಮೇಲೆ ಅವಳು ಕೈ ತೆಗೆದಳು, ಅವನು ನಾಲ್ಕು ಬೆರಳು ಒಳಗೆ ತಂದು ಬೆಸೆದ.

ಇಡೀ ವರ್ಷ ಜುಲೇಖಾ ಇಂದುಮತಿಯ ದೂರದಲ್ಲಿ ಒಬ್ಬಳೇ ಕೂತು ಆಡಿದಳು. ಅದಕ್ಕೂ ಹಿಂದಿನ ವರ್ಷ ಇಂದುಮತಿ ಜುಲೇಖಾಳ ದೂರದಲ್ಲಿ ಒಬ್ಬಳೇ ಕೂತು ಆಡಿದ್ದಳು. ಒಬ್ಬಳ ಕೈ ಎಲ್ಲಿಯವರೆಗೆ ಬರುತ್ತದೆ ಎಂಬುದು ಇನ್ನೊಬ್ಬಳಿಗೆ ಈಗ ಕಣ್ಣು ಮುಚ್ಚಿದರೂ ಗೊತ್ತು. ಒಂದೂರಿನವರು, ಒಂದು ಕಾಲಕ್ಕೆ ಒಂದೇ ಪೊಟ್ಟಣದಿಂದ ತಿಂದವರು, ಎದುರುಬದುರು ಕೂತು ಮಾತಾಡಿದ್ದರೆ ತೀರಿಹೋಗುತ್ತಿತ್ತೋ ಏನೋ. ಜಾಗ ಒಂದೇ ಇತ್ತಲ್ಲ, ಯಾರು ಮೊದಲು ಮಾತಾಡಬೇಕು?

ಅವರ ಮೂರನೆಯ ಪಂದ್ಯ ಏನಾಯಿತೆಂದು ನನಗೆ ತಿಳಿಯದು. ಅಷ್ಟರಲ್ಲಿ ಹೊಸ ಚೌಕಟ್ಟು ಬಂದಿತ್ತು. ಎರಡು ಸಲ ಸುಟ್ಟ ಕೊಳವೆಯನ್ನು ನಂಬಬಾರದೆಂದು ಸರ್ ನನ್ನನ್ನು ಗೋದಾಮಿನ ಹಿಂಗೋಡೆಗೆ ನಿಲ್ಲಿಸಿದರು. ಅದು ಸರಿಯೇ, ನನಗೆ ಸಿಟ್ಟಿಲ್ಲ. ಹೊಸದನ್ನು ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಬೇರೆ ಬೇರೆ ಊರುಗಳಿಂದ ಯಾರ್ಯಾರೋ ಬರುತ್ತಾರೆ, ಅಳೆಯುತ್ತಾರೆ, ಆಡುತ್ತಾರೆ, ಇಳಿದು ಹೋಗುತ್ತಾರೆ. ಅವರ ಗಲಾಟೆ ಇಲ್ಲಿಗೆ ಕೇಳಿಸುತ್ತದೆ. ನನ್ನ ಮೇಲೆ ಒದ್ದೆ ಜಾಕೀಟುಗಳನ್ನು ಒಣಹಾಕುತ್ತಾರೆ. ಯಾವುದು ಯಾರದೆಂದು ತಿಳಿಯುವುದಿಲ್ಲ.

ಎಷ್ಟು ದೂರಕ್ಕೆ ನಿಲ್ಲಿಸಿದರೆ ಇಬ್ಬರಿಗೂ ಸರಿಯಾಗುತ್ತದೆ ಎಂದು ಈ ಮೂಲೆಯಲ್ಲಿ ನಿಂತು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ 'ಅವಳದು' ಬೇಕಿರಲಿಲ್ಲ, 'ಇವಳದು' ಬೇಕಿರಲಿಲ್ಲ. ಎರಡು ತುದಿಗೂ ಅವರ ಭಾರ ಬೇಕಿತ್ತು, ಅಷ್ಟೇ. ಆದರೆ ಆರಿಸುವ ಹಕ್ಕು ಕಬ್ಬಿಣಕ್ಕಿಲ್ಲ.